ಭಾವನಿಗೆ ಬಿರುದು ಬಂದದ್ದು

ನಮ್ಮ ಭಾವನಿಗೆ ಗೊತ್ತಿಲ್ಲದ ವಿಷಯ ಈ ಪ್ರಪಂಚದಲ್ಲಿ ಒಂದೂ ಇಲ್ಲ. ಅದೇ ನನ್ನ ತಲೆನೋವು. ತಲೆನೋವಿಗೂ ಅವರ ಹತ್ತಿರ ಒಂದು ಮದ್ದಿದೆ. ಅದನ್ನು ಒಮ್ಮೆ ಹಣೆಗೆ ಹಚ್ಚಿಕೊಂಡು, ಹುಬ್ಬು ಉದುರಿ, ಅದು ಮತ್ತೆ ಬೆಳೆಯುವವರೆಗೂ ನಾನು ಟೋಪಿ ಹಾಕಿಕೊಂಡೇ ವ್ಯಾಪಾರ ಮಾಡಿದ್ದೇನೆ.

ಭಾವ ಅಂದರೆ ನನ್ನ ಅಕ್ಕನ ಗಂಡ. ಅಂಚೆ ಕಚೇರಿಯಲ್ಲಿ ಲಕೋಟೆಗಳ ಮೇಲೆ ಮುದ್ರೆ ಒತ್ತುವ ಕೆಲಸದಲ್ಲಿದ್ದು ನಿವೃತ್ತರಾದವರು. ಒಂದು ಲಕೋಟೆಯನ್ನೂ ಬಿಚ್ಚಿ ಓದಿದವರಲ್ಲ. ಆದರೂ ಅಷ್ಟೊಂದು ದೇಶಗಳ ಕಾಗದ ಕೈಮೇಲೆ ಹಾದುಹೋಗಿದ್ದರಿಂದ ಜ್ಞಾನವೆಲ್ಲ ಅಂಗೈ ಮೂಲಕ ಒಳಗಿಳಿದಿದೆ ಎಂದು ಅವರ ನಂಬಿಕೆ. ನಿವೃತ್ತರಾದ ಮೇಲೆ ಆ ಜ್ಞಾನವನ್ನು ಹೊರಗೆ ಬಿಡಲು ಒಂದು ಜಾಗ ಬೇಕಾಯಿತು. ನನ್ನ ಚಪ್ಪಲಿ ಅಂಗಡಿ ಸಿಕ್ಕಿತು.

ನಮ್ಮದು ನಾಲ್ಕು ಮಹಡಿಯ ಕಟ್ಟಡ. ನೆಲಮಟ್ಟದಲ್ಲಿ ನನ್ನ ಅಂಗಡಿ, ಎರಡನೇ ಮಹಡಿಯಲ್ಲಿ ಅಕ್ಕ-ಭಾವ, ತಾರಸಿಯ ಕೆಳಗಿನ ನಾಲ್ಕನೇ ಮಹಡಿಯಲ್ಲಿ ನಾನು ಮತ್ತು ನನ್ನ ಹೆಂಡತಿ. ಬೆಳಿಗ್ಗೆ ನಾನು ಶಟರ್ ಎತ್ತುವುದಕ್ಕೂ ಭಾವ ಮೆಟ್ಟಿಲಿಳಿದು ಬರುವುದಕ್ಕೂ ಸರಿಹೋಗುತ್ತಿತ್ತು. ಅಂಗಡಿಯಲ್ಲಿ ಗಿರಾಕಿಗಳು ಕೂತು ಬೂಟು ಹಾಕಿ ನೋಡಲಿ ಅಂತ ಒಂದೇ ಒಂದು ಸ್ಟೂಲು ಇದೆ. ಅದರ ಮೇಲೆ ಭಾವ. ಗಿರಾಕಿಗಳು ಒಂಟಿಕಾಲಲ್ಲಿ ಕೊಕ್ಕರೆಯ ಹಾಗೆ ನಿಂತುಕೊಂಡು, ಇನ್ನೊಂದು ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಳ್ಳುತ್ತಾ, ಭಾವನ ಉಪದೇಶ ಕೇಳಬೇಕು.

"ಹಿಮ್ಮಡಿ ಎತ್ತರ ಇರೋದು ತಗೋಬೇಡಿ. ರಕ್ತ ಎಲ್ಲ ಹೆಬ್ಬೆರಳಿಗೆ ಇಳಿದುಹೋಗುತ್ತೆ."

"ಹೌದಾ ಸರ್?"

"ಮತ್ತೆ? ಅದಕ್ಕೇ ಎತ್ತರದ ಹಿಮ್ಮಡಿ ಹಾಕೋರಿಗೆ ಮರೆವು ಜಾಸ್ತಿ."

ಗಿರಾಕಿ ಚಪ್ಪಲಿ ಕಳಚಿಟ್ಟು ಹೊರಟುಹೋಗುತ್ತಾಳೆ. ನಾನು ನೋಡುತ್ತಾ ನಿಲ್ಲುತ್ತೇನೆ. ಏನಾದರೂ ಅಂದರೆ ಅಕ್ಕನಿಗೆ ಹೋಗುತ್ತದೆ. ಅಕ್ಕ ನನ್ನನ್ನು ಎತ್ತಿ ಬೆಳೆಸಿದವಳು, ಇವತ್ತಿಗೂ ಇಳಿಸಿದ್ದಾಳೆ ಅಂತ ನನಗೆ ಅನ್ನಿಸಿಲ್ಲ. ಅವಳು ಸೊಂಟಕ್ಕೆ ಕೈಯಿಟ್ಟು ಅಂಗಡಿ ಬಾಗಿಲಲ್ಲಿ ನಿಂತರೆ ಎದುರಿನ ಕ್ಷೌರದಂಗಡಿಯವನು ಕೂಡ ಕತ್ತರಿ ನಿಲ್ಲಿಸುತ್ತಾನೆ.

ಇಂಥ ಸಂಕಟದಲ್ಲಿ ನನಗಿದ್ದ ಒಂದೇ ಸಮಾಧಾನವೆಂದರೆ ಓದು. ಹೊಸ ಬೂಟುಗಳು ಕಾರ್ಖಾನೆಯಿಂದ ಬರುವಾಗ ಆಕಾರ ಕೆಡದಿರಲಿ ಅಂತ ಅವುಗಳ ಮೂತಿಯೊಳಗೆ ಹಳೇ ಪೇಪರ್ ತುರುಕಿರುತ್ತಾರೆ. ನಾನು ಅದನ್ನು ಹೊರಗೆಳೆದು, ಮಡಿಕೆ ಬಿಡಿಸಿ, ತೊಡೆಯ ಮೇಲಿಟ್ಟು ಉಜ್ಜಿ ಓದುತ್ತೇನೆ. ನನ್ನ ಇಂಗ್ಲಿಷ್ ಪೂರ್ತಿ ಹೀಗೆ ಬೂಟಿನಿಂದ ಬಂದದ್ದು. ಕಪಾಟಿನಲ್ಲಿ ಜೋಡಿಯಲ್ಲಿ ಎಡಗಾಲಿನದನ್ನು ಮಾತ್ರ ಇಡುವುದು ನಮ್ಮ ಪದ್ಧತಿ, ಕದ್ದವನಿಗೆ ಉಪಯೋಗವಾಗಬಾರದಲ್ಲ. ಬಲಗಾಲಿನದು ಪೆಟ್ಟಿಗೆಯಲ್ಲೇ ಇರುತ್ತದೆ. ಹಾಗಾಗಿ ನಾನು ಓದಿದ ಸುದ್ದಿಗಳೆಲ್ಲ ಎಡಗಾಲಿನ ಸುದ್ದಿಗಳು, ಎಷ್ಟೋ ಸಲ ಅರ್ಧಕ್ಕೇ ಹರಿದಿರುತ್ತವೆ.

ಅವತ್ತು ಒಂದು ಕಪ್ಪು ಬೂಟಿನ ಎಡಗಾಲಿನಿಂದ ಇಂಗ್ಲಿಷ್ ಪೇಪರಿನ ತುಂಡೊಂದು ಬಂತು. ಅಪರೂಪದ ಪದಗಳ ಬಗ್ಗೆ ಬರೆದ ಅಂಕಣ. ಈ ಸಲದ ಪದ: ಅಲ್ಟ್ರಾಕ್ರೆಪಿಡೇರಿಯನ್. ಅರ್ಥ: ತನಗೆ ತಿಳಿಯದ ವಿಷಯಗಳ ಬಗ್ಗೆ ಅಧಿಕಾರದಿಂದ ಅಭಿಪ್ರಾಯ ಕೊಡುವವನು. ಕೆಳಗೆ "ಈ ಪದದ ಮೂಲ ಸ್ವಾರಸ್ಯಕರ" ಎಂದು ಶುರುವಾಗಿ ಅಲ್ಲಿಗೆ ಕಾಗದ ಹರಿದಿತ್ತು.

ಮೂಲ ಕಟ್ಟಿಕೊಂಡು ನನಗೇನು? ಅರ್ಥ ಸಿಕ್ಕಿತಲ್ಲ! ತಲೆಯೆತ್ತಿ ನೋಡಿದೆ. ಅರ್ಥ ಎದುರಿಗೇ ಸ್ಟೂಲಿನ ಮೇಲೆ ಕೂತು, ಒಬ್ಬ ಚಾಲಕನಿಗೆ ಬಸ್ಸಿನ ಬ್ರೇಕನ್ನು ಎಡಗಾಲಲ್ಲೇ ಒತ್ತಬೇಕು ಅಂತ ಹೇಳಿಕೊಡುತ್ತಿತ್ತು. ನಮ್ಮ ಭಾವನಂಥವರಿಗಾಗಿ ಯಾರೋ ಪುಣ್ಯಾತ್ಮ ಕೂತು ಒಂದು ಪದ ಮಾಡಿದ್ದಾನೆ ಎಂದು ತಿಳಿದು ನನಗೆ ಕಣ್ಣಲ್ಲಿ ನೀರು ಬರುವಷ್ಟು ಸಂತೋಷವಾಯಿತು. ಆ ತುಂಡನ್ನು ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡೆ. ಬಾಯಲ್ಲಿ ಹೇಳಿ ಹೇಳಿ ಅಭ್ಯಾಸ ಮಾಡಿದೆ.

ಮಧ್ಯಾಹ್ನದ ಹೊತ್ತಿಗೆ ಪದ ಬಾಯಿಗೆ ಹೊಂದಿಕೊಂಡಿತ್ತು, ತಾಳ್ಮೆ ಮುಗಿದಿತ್ತು. ಭಾವ ಒಬ್ಬ ದಂತವೈದ್ಯರಿಗೆ ಹಲ್ಲುಜ್ಜುವುದು ಹೇಗೆಂದು ತೋರಿಸಲು ನನ್ನ ಪಾಲಿಶ್ ಬ್ರಷ್ ಕೈಗೆತ್ತಿಕೊಂಡರು. ವೈದ್ಯರು ಹೊರಟೇಹೋದರು. ನನಗೆ ತಡೆಯಲಾಗಲಿಲ್ಲ.

"ಭಾವ! ನೀವೊಬ್ಬ ದೊಡ್ಡ ಅಲ್ಟ್ರಾಕ್ರೆಪಿಡೇರಿಯನ್!"

ಭಾವನ ಬಾಯಿ ನಿಂತಿತು. ಅದನ್ನು ನೋಡಿ ನಾನು ಒಂದು ಕ್ಷಣ ಸ್ವರ್ಗದಲ್ಲಿದ್ದೆ. ಅಷ್ಟರಲ್ಲಿ ಹಿಂದಿನಿಂದ ಅಕ್ಕನ ದನಿ ಕೇಳಿತು. ಊಟದ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಏನಂದೆ? ನಿನ್ನ ಭಾವನಿಗೆ ಏನಂದೆ?"

ಅವಳ ಇನ್ನೊಂದು ಕೈ ಸೊಂಟದ ಕಡೆಗೆ ಹೊರಟಿತ್ತು.

"ಅದೂ... ಅಂದರೆ... ಎಲ್ಲಾ ವಿಷಯದ ಬಗ್ಗೆಯೂ ಹೇಳಬಲ್ಲವರು ಅಂತ ಅಕ್ಕ. ಪೇಪರಲ್ಲಿ ಬಂದಿದೆ."

ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ, ಬೇಕಾದರೆ ಮತ್ತೆ ಓದಿ ನೋಡಿ. ಆದರೆ ಅಕ್ಕನ ಮುಖ ಅರಳಿದ ರೀತಿ ನೋಡಿದಾಗಲೇ ನನಗೆ ಅನುಮಾನ ಬರಬೇಕಿತ್ತು. ಅವಳು ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಬೀದಿಗೆ ಇಳಿದು, ಕ್ಷೌರದಂಗಡಿಯವನನ್ನು ಕೂಗಿದಳು.

"ಕೇಳಿದ್ಯೇನಪ್ಪಾ? ನಮ್ಮನೆಯವರ ವಿಷಯ ಪೇಪರಲ್ಲಿ ಬಂದಿದೆಯಂತೆ! ಇಂಗ್ಲಿಷ್ ಪೇಪರಲ್ಲಿ!"

ಕ್ಷೌರದಂಗಡಿಗೆ ಹೋದ ಸುದ್ದಿ ಬೇರೆ ಎಲ್ಲೂ ಹೋಗಬೇಕಾಗಿಲ್ಲ. ಸಂಜೆಯೊಳಗೆ ಭಾವನಿಗೆ ವಿದೇಶದಿಂದ ಬಿರುದು ಬಂದಿತ್ತು. ಅವರು ಮುದ್ರೆ ಒತ್ತಿದ ಲಕೋಟೆಗಳನ್ನು ಹೊರದೇಶದ ಯಾರೋ ದೊಡ್ಡವರು ಗಮನಿಸಿದ್ದರಂತೆ. ಮೊದಲನೇ ಮಹಡಿಯ ವಿಮೆ ಏಜೆಂಟ್ ನಮ್ಮ ಕಟ್ಟಡದ ಸಂಘದ ಕಾರ್ಯದರ್ಶಿ. ಅವನ ಮನೆಯಲ್ಲೊಂದು ಇಂಗ್ಲಿಷ್ ನಿಘಂಟಿತ್ತು. ಹುಡುಕಿ ನೋಡಿದ, ಸಿಗಲಿಲ್ಲ.

"ನಿಘಂಟಿನಲ್ಲೇ ಇಲ್ಲ ಅಂದಮೇಲೆ ಎಷ್ಟು ದೊಡ್ಡ ಬಿರುದು ಇರಬೇಕು ನೋಡಿ!" ಅಂದ.

ಬೋರ್ಡು ಬರೆಯುವವನು ಬಂದ. ಪದ ಹಲಗೆಯಲ್ಲಿ ಹಿಡಿಸಲಿಲ್ಲ. ಉದ್ದದ ಹಲಗೆ ತಂದರು. ಅದು ಅಕ್ಕನ ಬಾಗಿಲಿಗಿಂತ ಅಗಲವಾಗಿ, ಕೊನೆಯ ಎರಡಕ್ಷರ ಪಕ್ಕದ ಮನೆಯವರ ಕರೆಗಂಟೆಯ ಮೇಲೆ ಬಂತು. ಪಕ್ಕದ ಮನೆಯವರು ಹೆಮ್ಮೆಯಿಂದ ಕರೆಗಂಟೆಯನ್ನು ಕೆಳಗೆ ಇಳಿಸಿಕೊಂಡರು.

ಮೂರನೇ ಮಹಡಿಯ ಅಜ್ಜಿಗೆ ಬಾಯಲ್ಲಿ ಒಂದೂ ಹಲ್ಲಿಲ್ಲ. ಆದರೂ ಮೆಟ್ಟಿಲು ಹತ್ತುವಾಗ ನಿಂತು, ಬೋರ್ಡಿನ ಮೇಲೆ ಬೆರಳಿಟ್ಟು, ಪೂರ್ತಿ ಪದವನ್ನು ಎಡವದೆ ಓದುವುದನ್ನು ಕಲಿತಳು. ನನ್ನ ಹೆಂಡತಿ ಮಾತ್ರ ನನ್ನ ಮುಖವನ್ನೇ ನೋಡಿ ಕೇಳಿದಳು:

"ನಿಜವಾದ ಅರ್ಥ ಏನ್ರೀ?"

ಹೇಳಿದೆ. ಅವಳು ಸೌಟು ಹಿಡಿದುಕೊಂಡೇ ಗೋಡೆಗೆ ಒರಗಿ ನಕ್ಕಳು. ನಕ್ಕು ಮುಗಿದ ಮೇಲೆ, "ಅತ್ತಿಗೆಗೆ ಗೊತ್ತಾದರೆ ನಿಮ್ಮನ್ನ ಚಪ್ಪಲಿ ಪೆಟ್ಟಿಗೆಯಲ್ಲಿ ಹಾಕಿ ಕಳಿಸ್ತಾರೆ. ನಾನಂತೂ ಬಿಡಿಸಿಕೊಳ್ಳೋಕೆ ಬರಲ್ಲ," ಅಂದಳು.

ಇಷ್ಟೇ ಆಗಿದ್ದರೆ ನಾನು ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಿದ್ದೆ. ಆದರೆ ತಾರಸಿಯ ಮೇಲಿನ ನೀರಿನ ಟ್ಯಾಂಕು ಬಿರುಕು ಬಿಟ್ಟಿತು. ಹೊಸದು, ಹಳೆಯದಕ್ಕಿಂತ ದೊಡ್ಡದು ಹಾಕಿಸಬೇಕಾಯಿತು. ಎಲ್ಲಿ ಹಾಕಿಸಬೇಕು ಅನ್ನುವ ಪ್ರಶ್ನೆ ಬಂತು. ಪ್ರಶ್ನೆ ಬಂದಮೇಲೆ ಬಿರುದಿನವರ ಹತ್ತಿರ ಹೋಗದೆ ಇನ್ನೆಲ್ಲಿ ಹೋಗುತ್ತದೆ? ಇಡೀ ಸಂಘ ಭಾವನ ಹಿಂದೆ ತಾರಸಿ ಹತ್ತಿತು. ಭಾವ ಒಂದು ಸುತ್ತು ಹಾಕಿ, ಕಣ್ಣು ಕಿರಿದು ಮಾಡಿ ಸೂರ್ಯನನ್ನು ನೋಡಿ, ಒಂದು ಜಾಗದಲ್ಲಿ ನಿಂತು ಕಾಲು ಬಡಿದರು.

"ಇಲ್ಲಿ."

ಅವರ ಕಾಲ ಕೆಳಗೆ ಸರಿಯಾಗಿ ನನ್ನ ಮಲಗುವ ಕೋಣೆ. ಕೋಣೆಯಲ್ಲಿ ಸರಿಯಾಗಿ ನನ್ನ ಮಂಚ.

"ಭಾವ, ಇಲ್ಲೇ ಯಾಕೆ?"

"ಇಲ್ಲಿ ಬಿಸಿಲು ಚೆನ್ನಾಗಿ ಬೀಳುತ್ತೆ. ಬಿಸಿಲು ಬಿದ್ದ ನೀರು ಹಗುರ. ಹಗುರವಾದ ನೀರು ನಲ್ಲಿಗೆ ಬೇಗ ಓಡುತ್ತೆ. ದಪ್ಪ ಇರೋರು ಎಲ್ಲಾದರೂ ಓಡ್ತಾರಾ?"

"ಆಹಾ!" ಅಂದ ಕಾರ್ಯದರ್ಶಿ.

ಅಷ್ಟು ನೀರು ನನ್ನ ತಲೆಯ ಮೇಲೆ! ನಮ್ಮ ಕಟ್ಟಡದ ತಾರಸಿಯ ಗಾರೆ ನಾನು ನೋಡಿದ್ದೇನೆ, ಬೆರಳಲ್ಲಿ ಕೆರೆದರೆ ಬಿಸ್ಕತ್ತಿನ ಪುಡಿಯ ಹಾಗೆ ಬರುತ್ತದೆ. ಇನ್ನು ಮೇಲೆ ರಾತ್ರಿ ಮಲಗಿದರೆ ಬೆಳಿಗ್ಗೆ ಏಳುವುದು ಕ್ಷೌರದಂಗಡಿಯ ಮುಂದೆಯೇ. ನಾನು ಬೇಡವೆಂದೆ, ಕೂಗಾಡಿದೆ, ತೊಲೆ ತಡೆಯುವುದಿಲ್ಲ ಅಂದೆ, ಗೋಡೆ ಬಾಗುತ್ತದೆ ಅಂದೆ. ಯಾರೂ ಕೇಳಲಿಲ್ಲ.

"ನಿಮಗೆ ಬಿರುದು ಇದೆಯೇನ್ರೀ?" ಅಂತ ಕಾರ್ಯದರ್ಶಿ ಕೇಳಿಯೇಬಿಟ್ಟ.

ನಿಜವಾದ ಅರ್ಥ ಹೇಳಿದರೆ ಅಕ್ಕ ಬಿಡುವುದಿಲ್ಲ, ಹೇಳದಿದ್ದರೆ ಟ್ಯಾಂಕು ಬಿಡುವುದಿಲ್ಲ. ಇದರ ಮಧ್ಯೆ ಅಕ್ಕ ಅಂಗಡಿಗೆ ಬಂದು ಇನ್ನೊಂದು ಅಪ್ಪಣೆ ಮಾಡಿದಳು. ಟ್ಯಾಂಕಿಗೆ ಒಪ್ಪಿಗೆ ಕೊಡಲು ನೀರು ಇಲಾಖೆಯಿಂದ ಎಂಜಿನಿಯರ್ ಮೇಡಂ ಬರುತ್ತಾರೆ, ಅವರನ್ನು ಎದುರುಗೊಳ್ಳುವುದು ಭಾವ.

"ಬಿರುದು ಬಂದಿರೋ ಮನುಷ್ಯ ಹರಕು ಚಪ್ಪಲಿಯಲ್ಲಿ ಹೋಗಿ ನಿಲ್ಲಬೇಕೇನೋ? ನಿನಗೆ ನಾಚಿಕೆಯಾಗಲ್ವಾ? ಆ ಕಪ್ಪು ಬೂಟು ಕೊಡು."

ಕೊಟ್ಟೆ. ಕಪಾಟಿನಿಂದ ಎಡಗಾಲಿನದು, ಪೆಟ್ಟಿಗೆಯಿಂದ ಬಲಗಾಲಿನದು. ಭಾವ ಎರಡನ್ನೂ ಹಾಕಿಕೊಂಡು ಎರಡು ಹೆಜ್ಜೆ ನಡೆದು ಮುಖ ಕಿವುಚಿದರು.

"ಬಲಗಾಲು ಹಿಡಿಯುತ್ತೆ ಕಣೋ. ಬೆರಳೆಲ್ಲ ಮುದುರಿಕೊಂಡಿದೆ."

ಅವರ ಬಾಯಿಂದ ನನ್ನ ಕಸುಬಿನ ವಿಷಯಕ್ಕೂ ಅಭಿಪ್ರಾಯ! ನನಗೆ ಉರಿದುಹೋಯಿತು.

"ಭಾವ, ಬೂಟಿನ ವಿಷಯ ನನಗೆ ಬಿಡಿ. ನಮ್ಮಪ್ಪನ ಕಾಲದಿಂದ ಇದೇ ಕೆಲಸ. ಎಲ್ಲಾ ಮನುಷ್ಯರಿಗೂ ಬಲಗಾಲು ಎಡಗಾಲಿಗಿಂತ ಚೂರು ದೊಡ್ಡದು. ಚರ್ಮ ಹೊಸದು, ನಡೀತಾ ನಡೀತಾ ಬಿಡುತ್ತೆ."

"ಹಾಗಂತೀಯಾ?"

"ಹಾಗೇ."

ಮಾರನೇ ದಿನವೂ ಹಿಡಿಯುತ್ತದೆ ಅಂದರು. ಒದ್ದೆ ಕಾಲುಚೀಲ ಹಾಕಿಕೊಂಡು ನಡೆಯಿರಿ ಅಂದೆ. ಮೆಟ್ಟಿಲ ಮೇಲೆ ಪಚಕ್ ಪಚಕ್ ಅಂತ ಸದ್ದು ಮಾಡುತ್ತಾ ಓಡಾಡಿದರು. ಆಮೇಲೂ ಹಿಡಿಯುತ್ತದೆ ಅಂದರು. ನಿಮ್ಮ ಹೆಬ್ಬೆರಳಿಗೇ ಸೊಕ್ಕು ಅಂದೆ, ಅಕ್ಕ ಇಲ್ಲದಾಗ.

ಎಂಜಿನಿಯರ್ ಮೇಡಂ ಬಂದರು. ಚಿಕ್ಕ ವಯಸ್ಸಿನವರು, ಕೈಯಲ್ಲಿ ಅಳತೆಯ ಟೇಪು, ಮುಖದಲ್ಲಿ ಇನ್ನೂ ಎಷ್ಟೋ ತಾರಸಿ ಹತ್ತಬೇಕಿದೆ ಅನ್ನುವ ಸುಸ್ತು. ಇಡೀ ಕಟ್ಟಡ ತಾರಸಿಯ ಮೇಲೆ ಸೇರಿತ್ತು. ಕ್ಷೌರದಂಗಡಿಯವನು ಅರ್ಧ ಗಡ್ಡ ಹೆರೆದ ಗಿರಾಕಿಯನ್ನು ಕರೆದುಕೊಂಡೇ ಬಂದಿದ್ದ. ಭಾವ ಕುಂಟುತ್ತಾ ಮುಂದೆ ಬಂದು, ನನ್ನ ಮಂಚದ ಮೇಲ್ಭಾಗದಲ್ಲಿ ನಿಂತು, ಹಗುರವಾದ ನೀರಿನ ಸಿದ್ಧಾಂತವನ್ನು ಮೊದಲಿನಿಂದ ಹೇಳಿದರು.

ಮೇಡಂ ಕಣ್ಣು ಪಿಳಿಪಿಳಿ ಬಿಟ್ಟರು. "ಇವರು ಯಾರು?"

"ಅಲ್ಟ್ರಾಕ್ರೆಪಿಡೇರಿಯನ್," ಅಂದಳು ಅಜ್ಜಿ, ಸಲೀಸಾಗಿ.

"ಹಾಗಂದರೆ?"

"ಎಲ್ಲಾ ಗೊತ್ತಿರೋರು ಮೇಡಂ. ಪೇಪರಲ್ಲಿ ಬಂದಿದೆ," ಅಂದ ಕಾರ್ಯದರ್ಶಿ.

ಮೇಡಂ ತಲೆಯಾಡಿಸಿದರು. ಆಡಿಸಿದ್ದು ಹೌದು ಅಂತಲೋ, ಸುಸ್ತಾಗಿ ಸುಮ್ಮನೆಯೋ ನನಗೆ ತಿಳಿಯಲಿಲ್ಲ. ನನಗೆ ಕಂಡದ್ದು ಟ್ಯಾಂಕು, ಅದರ ಕೆಳಗೆ ಮಂಚ, ಮಂಚದ ಮೇಲೆ ನಾನು. ತಲೆ ಕೆಟ್ಟುಹೋಯಿತು. ಜೇಬಿಗೆ ಕೈ ಹಾಕಿ ಆ ಕಾಗದದ ತುಂಡನ್ನು ಎಳೆದು ಮೇಡಂ ಕೈಗೆ ತುರುಕಿದೆ.

"ಓದಿ ಮೇಡಂ! ಜೋರಾಗಿ ಓದಿ! ಅರ್ಥ ಏನು ಅಂತ ಎಲ್ಲರಿಗೂ ಹೇಳಿ! ನನ್ನ ತಲೆ ಮೇಲೆ ಟ್ಯಾಂಕು ಬರ್ತಾ ಇದೆ, ಇನ್ನೆಷ್ಟು ದಿನ ಸುಮ್ಮನಿರಲಿ?"

ಮೇಡಂ ಓದಿದರು. ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಎಲ್ಲರಿಗೂ ತಿಳಿಯುವ ಹಾಗೆ ಬಿಡಿಸಿ. ತನಗೆ ತಿಳಿಯದ ವಿಷಯಗಳ ಬಗ್ಗೆ ಅಧಿಕಾರದಿಂದ ಅಭಿಪ್ರಾಯ ಕೊಡುವವನು.

ಅರ್ಧ ಗಡ್ಡದ ಗಿರಾಕಿ ಫಕ್ಕನೆ ನಕ್ಕು ಆಮೇಲೆ ಕೆಮ್ಮಿದ. ಅಕ್ಕ ನನ್ನನ್ನೇ ನೋಡುತ್ತಿದ್ದಳು. ಅವಳ ಕೈ ಸೊಂಟಕ್ಕೆ ಹೋಗಲಿಲ್ಲ, ಪಕ್ಕದಲ್ಲಿ ಸುಮ್ಮನೆ ಇಳಿಬಿದ್ದಿತ್ತು. ನನಗೆ ಅದೇ ಹೆಚ್ಚು ಭಯವಾಯಿತು.

ಭಾವ ಮೆಲ್ಲಗೆ ಹೋಗಿ ತಾರಸಿಯ ಕಟ್ಟೆಯ ಮೇಲೆ ಕೂತರು.

"ಹಾಗೋ," ಅಂದರು. "ಅಂಚೆ ಕಚೇರಿಯಲ್ಲಿ ಅಷ್ಟು ವರ್ಷ ಯಾರೂ ನನ್ನ ಒಂದು ಮಾತು ಕೇಳಿರಲಿಲ್ಲ. ಕೇಳ್ತಾರೆ ಅಂತ ಹೇಳ್ತಾ ಹೋದೆ. ಬಿಡು, ಇನ್ನು ಹೇಳಲ್ಲ."

ಅವರು ಬಗ್ಗಿ ಬಲಗಾಲನ್ನು ಹಿಡಿದುಕೊಂಡರು. ಅವರ ಕಡೆ ನೋಡಲಾಗದೆ ನಾನು ಮುಖ ತಿರುಗಿಸಿದೆ. ಗೆದ್ದವನಿಗೆ ಹೀಗಾಗುತ್ತದೆ ಅಂತ ಯಾವ ಬೂಟಿನ ಕಾಗದದಲ್ಲೂ ಬರೆದಿರಲಿಲ್ಲ. ಏನಾದರೂ ಸಮಾಧಾನ ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಅವರ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು.

"ಬಿಚ್ಚಿ ಆ ಬೂಟನ್ನ. ಬರೀ ಕಾಲು ನೋಯಿಸಿಕೊಂಡಿದ್ದೇ ಬಂತು ಇವನ ಬೂಟಿಂದ."

ಎಳೆದಳು. ಭಾವನ ಹೆಬ್ಬೆರಳು ಕೆಂಪಗೆ ಊದಿಕೊಂಡಿತ್ತು. ಅಕ್ಕ ಬೂಟಿನೊಳಗೆ ಕೈ ಹಾಕಿದಳು. ಮೂತಿಯೊಳಗೆ ಬೆರಳು ಆಡಿಸಿದಳು. ಏನೋ ಹಿಡಿದು ಜಗ್ಗಿದಳು. ಒದ್ದೆ ಕಾಲುಚೀಲದ ನೀರು ಕುಡಿದು, ಒಣಗಿ, ಕಲ್ಲಿನ ಹಾಗಾದ ಕಾಗದದ ಉಂಡೆಯೊಂದು ಹೊರಗೆ ಬಂತು.

"ಅಯ್ಯೋ, ಬೂಟಿನೊಳಗೆ ಪೇಪರು!" ಅಂದಳು ಅಜ್ಜಿ.

ಮೇಡಂ ಉಂಡೆಯನ್ನು ತೆಗೆದುಕೊಂಡು ನಿಧಾನಕ್ಕೆ ಬಿಡಿಸಿದರು. ಅದರ ಹರಿದ ಅಂಚನ್ನು ನನ್ನ ತುಂಡಿಗೆ ಜೋಡಿಸಿದರು. ಕೂಡಿತು. ಅವರ ಮುಖದ ಸುಸ್ತು ಮೊದಲ ಸಲ ಹೋಯಿತು.

"ಇಲ್ಲಿ ಆ ಪದದ ಮೂಲ ಇದೆ. ಓದಲೇ?"

"ಏನೂ ಬೇಡ ಮೇಡಂ, ಅರ್ಥ ಗೊತ್ತಾಯ್ತಲ್ಲ," ಅಂದೆ. ಯಾಕೋ ಬೇಡ ಅನ್ನಿಸಿತು.

"ಓದಿ," ಅಂದಳು ಅಕ್ಕ.

ಹಳೇ ಕಾಲದಲ್ಲಿ ಒಬ್ಬ ದೊಡ್ಡ ಚಿತ್ರಕಾರ ಇದ್ದನಂತೆ. ಚಿತ್ರ ಬರೆದು ಜನ ನೋಡಲಿ ಅಂತ ಹೊರಗಿಟ್ಟು ತಾನು ಹಿಂದೆ ಅಡಗಿ ನಿಲ್ಲುತ್ತಿದ್ದನಂತೆ. ಒಬ್ಬ ಬಂದು ಚಿತ್ರದಲ್ಲಿರುವ ಚಪ್ಪಲಿಯ ಪಟ್ಟಿ ಸರಿಯಿಲ್ಲ ಅಂದ. ಚಿತ್ರಕಾರ ಒಪ್ಪಿ ತಿದ್ದಿದ. ಮಾರನೇ ದಿನ ಅದೇ ಆಸಾಮಿ ಉಬ್ಬಿಹೋಗಿ ಬಂದು, ಕಾಲು ಸರಿಯಿಲ್ಲ ಅನ್ನಲು ಶುರುಮಾಡಿದ. ಚಿತ್ರಕಾರ ಹೊರಗೆ ಬಂದು, ನಿನ್ನ ಮಾತು ಚಪ್ಪಲಿಗೇ ಸಾಕು, ಅದಕ್ಕಿಂತ ಮೇಲೆ ಬೇಡ ಅಂದನಂತೆ. ಹಳೇ ಲ್ಯಾಟಿನ್ ಭಾಷೆಯಲ್ಲಿ 'ಅಲ್ಟ್ರಾ' ಅಂದರೆ ಆಚೆಗೆ, 'ಕ್ರೆಪಿಡಾ' ಅಂದರೆ ಚಪ್ಪಲಿ. ಚಪ್ಪಲಿಯಿಂದ ಆಚೆಗೆ ಹೋದವನು.

"ಆ ಆಸಾಮಿ ಯಾರು ಮೇಡಂ?" ಕಾರ್ಯದರ್ಶಿ ಕೇಳಿದ.

ಮೇಡಂ ಕಾಗದವನ್ನು ಇನ್ನೊಮ್ಮೆ ನೋಡಿದರು. "ಚಪ್ಪಲಿ ಕೆಲಸದವನು."

ತಾರಸಿಯ ಮೇಲಿದ್ದ ಎಲ್ಲರ ತಲೆಯೂ ನನ್ನ ಕಡೆ ತಿರುಗಿತು. ಇಷ್ಟು ದೊಡ್ಡ ಪ್ರಪಂಚದಲ್ಲಿ ಇಷ್ಟೊಂದು ಕಸುಬುಗಳಿವೆ. ಬಡಗಿ ಇರಲಿಲ್ಲವೇ? ಕ್ಷೌರಿಕ ಇರಲಿಲ್ಲವೇ? ಆ ಚಿತ್ರಕಾರನಿಗೆ ಹೋಗಿ ಹೋಗಿ ಚಪ್ಪಲಿಯವನೇ ಸಿಗಬೇಕಿತ್ತೇ? ಅಕ್ಕ ಎದ್ದು ನಿಂತಳು. ಒಂದು ಕೈಯಲ್ಲಿ ಬೂಟು, ಇನ್ನೊಂದು ಕೈ ಸೊಂಟದ ಮೇಲೆ.

"ಅವನಿಗಾದರೂ ಚಪ್ಪಲಿವರೆಗೆ ಗೊತ್ತಿತ್ತು," ಅಂದಳು. "ನಿನಗೆ ಅದೂ ಗೊತ್ತಿಲ್ವಲ್ಲೋ!"

ಆಮೇಲೆ ಎಷ್ಟು ಹೊತ್ತು ನಕ್ಕರೋ ಲೆಕ್ಕವಿಲ್ಲ. ನನ್ನ ಹೆಂಡತಿಯ ನಗು ಎಲ್ಲರಿಗಿಂತ ಜೋರಾಗಿತ್ತು. ಭಾವ ಮೊದಲು ನಗಲಿಲ್ಲ, ಹೆಬ್ಬೆರಳು ಉಜ್ಜಿಕೊಳ್ಳುತ್ತಿದ್ದರು. ಆಮೇಲೆ ಅವರ ಹೆಗಲೂ ಕುಲುಕತೊಡಗಿತು.

ನಾನು ನಗು ನಿಲ್ಲುವವರೆಗೆ ಕಾದು, ಗಂಭೀರವಾಗಿ ಹೇಳಿದೆ: "ಅದೆಲ್ಲ ಇರಲಿ. ಟ್ಯಾಂಕಿನ ವಿಷಯ ಏನು ಮೇಡಂ? ಭಾವ ಹೇಳಿದ್ದು ತಪ್ಪು ತಾನೆ?"

ಮೇಡಂ ಟೇಪು ಹಿಡಿದು ಅಳೆದರು. ಕೆಳಗೆ ನನ್ನ ಕೋಣೆಗೆ ಹೋಗಿ ಮೂಲೆಗಳನ್ನು ತಟ್ಟಿ ನೋಡಿದರು. ಮೇಲೆ ಬಂದು ಭಾವ ಕಾಲು ಬಡಿದ ಜಾಗದಲ್ಲೇ ಸುಣ್ಣದ ಕಡ್ಡಿಯಿಂದ ಗುರುತು ಹಾಕಿದರು.

"ಕಂಬಗಳು ನೆಲದಿಂದ ನೇರ ಬಂದಿರೋದು ಇಲ್ಲಿಗೆ ಮಾತ್ರ. ಟ್ಯಾಂಕು ಬೇರೆ ಎಲ್ಲಿ ಇಟ್ಟರೂ ಅಪಾಯ. ಇವರು ಹೇಳಿದ ಕಾರಣ ಪೂರ್ತಿ ತಪ್ಪು, ಆದರೆ ಜಾಗ ಪೂರ್ತಿ ಸರಿ."

"ಆದರೆ ಮೇಡಂ, ತೊಲೆ ತಡೆಯಲ್ಲ! ಗಾರೆ ನೋಡಿ, ಗೋಡೆ ಬಾಗುತ್ತೆ, ನಾನು ಹೇಳೋದು ಕೇಳಿ..."

"ಅಲ್ಟ್ರಾಕ್ರೆಪಿಡೇರಿಯನ್!" ಅಂತ ಇಡೀ ತಾರಸಿ ಒಟ್ಟಿಗೆ ಹೇಳಿತು. ಎಲ್ಲರಿಗಿಂತ ಸ್ಪಷ್ಟವಾಗಿ ಅಜ್ಜಿ.

ಟ್ಯಾಂಕು ಬಂತು. ಈಗ ನಾನು ಅದರ ಕೆಳಗೇ ಮಲಗುತ್ತೇನೆ. ತೊಲೆ ತಡೆದುಕೊಂಡಿದೆ, ಗೋಡೆ ಬಾಗಿಲ್ಲ, ಅದು ಇನ್ನೂ ಸಿಟ್ಟು ಬರಿಸುತ್ತದೆ. ನೀರೂ ಮೊದಲಿಗಿಂತ ಬೇಗ ಬರುತ್ತದೆ. ಟ್ಯಾಂಕು ಹಳೆಯದಕ್ಕಿಂತ ಎತ್ತರದಲ್ಲಿ ಕೂತಿರುವುದರಿಂದ ಅಂತ ಮೇಡಂ ಹೇಳಿಹೋದರು, ಬಿಸಿಲು ಬಿದ್ದು ಹಗುರವಾದದ್ದರಿಂದ ಅಂತ ಕಟ್ಟಡದಲ್ಲಿ ಎಲ್ಲರ ನಂಬಿಕೆ. ಆ ಬೋರ್ಡನ್ನು ಅಕ್ಕ ತನ್ನ ಬಾಗಿಲಿನಿಂದ ಕೀಳಿಸಿ ನನ್ನ ಅಂಗಡಿಯ ಮೇಲೆ ಹೊಡೆಸಿದಳು. ಉದ್ದ ಸರಿಯಾಗಿ ಕೂತಿತು. ಓದಿದವರು ಹೊರದೇಶದ ಕಂಪನಿ ಅಂದುಕೊಂಡು ಒಳಗೆ ಬರುತ್ತಾರೆ, ವ್ಯಾಪಾರ ಹೆಚ್ಚಿದೆ. ನಾನು ಯಾರಿಗೂ ಅರ್ಥ ಹೇಳುವುದಿಲ್ಲ.

ಭಾವ ಒಂದೆರಡು ದಿನ ಕೆಳಗಿಳಿದು ಬರಲಿಲ್ಲ. ಸ್ಟೂಲು ಖಾಲಿ ಇತ್ತು, ಗಿರಾಕಿಗಳು ಆರಾಮಾಗಿ ಕೂತರು. ನನಗೇ ತಡೆಯಲಾರದೆ ಎರಡನೇ ಮಹಡಿಗೆ ಹೋಗಿ, "ಬನ್ನಿ ಭಾವ, ಬೂಟು ಹಿಡಿಯುತ್ತೆ ಅಂತ ನೀವು ಹೇಳಿದಾಗ ನಾನು ಕೇಳಬೇಕಿತ್ತು," ಅಂತ ಕರೆದುಕೊಂಡು ಬಂದೆ. ಬಂದು ಕೂತವರು ಮೊದಲಿನಷ್ಟು ಮಾತಾಡುತ್ತಿರಲಿಲ್ಲ. ಆ ಮೌನ ಅವರ ಮಾತಿಗಿಂತ ಹಿಂಸೆ.

ನಿನ್ನೆ ಒಬ್ಬರು ಕಂದು ಬೂಟು ಕೇಳಿದರು. ನಾನು ಈಗ ಹುಷಾರಾಗಿದ್ದೇನೆ. ಪೆಟ್ಟಿಗೆಯಿಂದ ಬಲಗಾಲಿನದು ತೆಗೆದು, ಒಳಗೆ ಬೆರಳು ಹಾಕಿ, ಕಾಗದ ಎಳೆದು ಹಾಕಿ, ಕಪಾಟಿನ ಎಡಗಾಲಿನದನ್ನು ಜೊತೆಗಿಟ್ಟು, ಗಿರಾಕಿಯ ಮುಂದೆ ಹೆಮ್ಮೆಯಿಂದ ನೂಕಿದೆ. ಸ್ಟೂಲಿನಿಂದ ಸಣ್ಣ ದನಿ ಬಂತು.

"ಎಡಗಾಲಿನದೂ ಒಂದ್ಸಲ ನೋಡೋ."

"ಭಾವ, ಕಪಾಟಿನಲ್ಲಿಡೋ ಎಡಗಾಲಿನದನ್ನ ನಾನೇ ಕೈಯಾರೆ ಖಾಲಿ ಮಾಡಿಟ್ಟಿರ್ತೀನಿ. ಇದು ನನ್ನ ಕಸುಬು. ಅದರಲ್ಲಿ ಏನೂ ಇರಲ್ಲ."

"ಆಗಲಿ. ನೋಡು."

ಹಲ್ಲು ಕಡಿದುಕೊಂಡು ಕೈ ಹಾಕಿದೆ.

ಇತ್ತು.